ನಾಲ್ಕೂವರೆ ನಕ್ಷತ್ರದ ಹೋಟೆಲೂ ಕೆಟ್ಟ ಹೊಟ್ಟೆಯೂ

ಪ್ರಶ್ನೆ: ವರ್ಗಾವಣೆಯಿಂದಾಗಿ ನಾವು ಈಚೆಗೆ ಒಂದು ಮಧ್ಯಮ ಗಾತ್ರದ ನಗರಕ್ಕೆ ಬಂದಿದ್ದೇವೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಮನೆಯಲ್ಲಿ ಎಪ್ಪತ್ತು ದಾಟಿದ, ಮಧುಮೇಹವಿರುವ ಅತ್ತೆ ಮತ್ತು ನಾಲ್ಕು ವರ್ಷದ ಮಗ ಇದ್ದಾರೆ. ವಾರದಲ್ಲಿ ಮೂರು ನಾಲ್ಕು ಹೊತ್ತಾದರೂ ಹೊರಗಿನ ಊಟವೇ ಗತಿ. ಹೋದ ತಿಂಗಳು ಒಂದು ಭಾನುವಾರ, ಮೊಬೈಲ್‌ನಲ್ಲಿ ನಾಲ್ಕೂವರೆ ನಕ್ಷತ್ರ ಇದ್ದ ದೊಡ್ಡ ರೆಸ್ಟೋರೆಂಟ್ ಒಂದಕ್ಕೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ಬಫೆ ಊಟ ಮಾಡಿದೆವು. ಅನ್ನ, ಮಾಂಸದ ಗ್ರೇವಿ, ಸಲಾಡ್, ಕೆನೆ ಹಾಕಿದ ಸಿಹಿ ಇದ್ದವು. ಸಂಜೆ ಏಳರೊಳಗೆ ಗಂಡನಿಗೂ ಮಗನಿಗೂ ವಾಂತಿ ಶುರುವಾಗಿ ನಡುರಾತ್ರಿಗೆ ತಾನಾಗಿ ನಿಂತಿತು. ನನಗೆ ವಾಂತಿ ಆಗಲಿಲ್ಲ, ಆದರೆ ಮರುದಿನ ಬೆಳಗಿನ ಜಾವ ಹೊಟ್ಟೆನೋವು, ಭೇದಿ. ಬಿಸಿ ಸೂಪ್ ಮತ್ತು ಬ್ರೆಡ್ ಮಾತ್ರ ತೆಗೆದುಕೊಂಡಿದ್ದ ಅತ್ತೆಗೆ ಏನೂ ಆಗಲಿಲ್ಲ. ಹಿಂದಿನ ಸಂಜೆ ನಾವು ಮೂವರು ರಸ್ತೆಬದಿಯ ಸಣ್ಣ ಅಂಗಡಿಯಲ್ಲಿ ನೂಡಲ್ಸ್ ತಿಂದಿದ್ದೆವು. ಗಂಡ ಅದನ್ನೇ ದೂರುತ್ತಾರೆ. ಜನ ಹೆಚ್ಚಿರುವ ಕಡೆ ಹೋಗಿ, ಎಸಿ ಇರುವ ಕಡೆ ಹೋಗಿ, ಮಾಂಸ ಬಿಟ್ಟರೆ ಭಯವಿಲ್ಲ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇಂಥ ಊರಿನಲ್ಲಿ ಊಟಕ್ಕೆ ಒಳ್ಳೆಯ ಜಾಗವನ್ನು ಗುರುತಿಸುವುದು ಹೇಗೆ?

ಉತ್ತರ: ಹೆಸರುಗಳ ಪಟ್ಟಿ ನನ್ನಿಂದ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹೋಟೆಲ್ ಅಡುಗೆಮನೆಗಳ ತಪಾಸಣೆ ಮಾಡುವುದು, ಅಲ್ಲಿನ ಕೆಲಸಗಾರರಿಗೆ ತರಬೇತಿ ಕೊಡುವುದು ನನ್ನ ಕಸುಬು. ಅಂಥ ಪಟ್ಟಿಗಳು ಎಷ್ಟು ಬೇಗ ಹಳಸುತ್ತವೆ ಎಂದು ಬಲ್ಲೆ. ಮಧ್ಯಮ ಗಾತ್ರದ ಊರಿನಲ್ಲಿ ಪಳಗಿದ ಅಡುಗೆಯವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು ಸಂಬಳದ ವಿಷಯಕ್ಕೆ ಮುನಿಸಿಕೊಂಡು ಪಕ್ಕದ ಬೀದಿಗೆ ಹೋದರೆಂದರೆ ಬೋರ್ಡು, ನಕ್ಷತ್ರ, ಹೆಸರು ಎಲ್ಲ ಇಲ್ಲೇ ಉಳಿದು ರುಚಿ ಮಾತ್ರ ಅಲ್ಲಿಗೆ ಹೋಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಒಂದೇ ಹೋಟೆಲಿನ ಹನ್ನೆರಡೂವರೆಯ ಊಟವೂ ಮೂರೂವರೆಯ ಊಟವೂ ಒಂದೇ ಅಲ್ಲ. ಯಾವ ಹೋಟೆಲ್ ಎಂದು ಕೇಳುವಾಗ ಅಲ್ಲಿನ ಯಾವ ತಿನಿಸು, ಯಾವ ಹೊತ್ತಿಗೆ ಎಂಬುದನ್ನೂ ಸೇರಿಸಿ ಕೇಳಬೇಕು.

ನಿಮಗೆ ಏನಾಯಿತು ಎಂಬುದರಿಂದ ಶುರು ಮಾಡೋಣ. ನಿಮ್ಮ ಪತ್ರದಲ್ಲಿ ತಿನಿಸುಗಳ ಹೆಸರಿಗಿಂತ ಗಂಟೆಗಳೇ ಹೆಚ್ಚು ಮಾತಾಡುತ್ತವೆ. ಮೂರಕ್ಕೆ ಊಟ, ಏಳರೊಳಗೆ ವಾಂತಿ, ನಡುರಾತ್ರಿಗೆ ಶಮನ. ಇಷ್ಟು ಬೇಗ ಬಂದು ಇಷ್ಟು ಬೇಗ ಹೋಗುವ ವಾಂತಿಗೆ ಸಾಮಾನ್ಯವಾಗಿ ಕಾರಣ ಹೊಟ್ಟೆಯೊಳಗೆ ಹೋಗಿ ಬೆಳೆದ ರೋಗಾಣುವಲ್ಲ, ತಟ್ಟೆಗೆ ಬೀಳುವ ಮುನ್ನವೇ ಆಹಾರದಲ್ಲಿ ತಯಾರಾಗಿದ್ದ ವಿಷ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಮೂಗಿನಲ್ಲಿ, ಚರ್ಮದ ಮೇಲೆ, ಕೈಯ ಗಾಯದಲ್ಲಿ ಇರುತ್ತದೆ. ಕೈಯಿಂದ ಕೆನೆಗೋ ಸಿಹಿಗೋ ಇಳಿದು ಹೊರಗಿನ ಶಾಖದಲ್ಲಿ ಕೆಲವು ಗಂಟೆ ಉಳಿದರೆ ವಿಷ ಕಟ್ಟುತ್ತದೆ. ಬ್ಯಾಸಿಲಸ್ ಸೀರಿಯಸ್ ಅನ್ನದ ಸಂಗಾತಿ. ಅದರ ಬೀಜಾಣುಗಳು, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪಗಳು, ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಬಿದ್ದಿದ್ದರೆ ಮತ್ತೆ ಮೊಳೆತು ಬೆಳೆಯುತ್ತವೆ. ಇವೆರಡರ ವಿಷವೂ ವಾಂತಿ ಬರಿಸಲು ಸಾಮಾನ್ಯವಾಗಿ ಒಂದರಿಂದ ಆರು ಗಂಟೆ ತೆಗೆದುಕೊಳ್ಳುತ್ತದೆ.

ನಿಮ್ಮ ಭೇದಿ ಬೇರೆಯ ಕತೆ. ಹದಿಮೂರು ಹದಿನಾಲ್ಕು ಗಂಟೆಗಳ ಬಳಿಕ, ವಾಂತಿಯಿಲ್ಲದೆ ಹೊಟ್ಟೆ ಕಿವುಚಿ ಬಂದಿರುವುದರಿಂದ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ನನ್ನ ಅನುಮಾನ. ದೊಡ್ಡ ಪಾತ್ರೆಯ ಮಾಂಸದ ಗ್ರೇವಿಯೆಂದರೆ ಅದಕ್ಕೆ ತವರುಮನೆ. ಅದರ ಅವಧಿ ಆರರಿಂದ ಇಪ್ಪತ್ತನಾಲ್ಕು ಗಂಟೆ. ಒಂದೇ ಬಫೆಯಲ್ಲಿ ಎರಡು ಬೇರೆ ಕಾರಣಗಳು ಇರುವುದು ಅಸಂಭವವೇನಲ್ಲ, ಏಕೆಂದರೆ ಎರಡನ್ನೂ ಬೆಳೆಸುವ ತಪ್ಪು ಒಂದೇ: ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಸ್ಥಿತಿಯಲ್ಲಿ ಆಹಾರವನ್ನು ಬಹಳ ಹೊತ್ತು ಬಿಡುವುದು. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಇದನ್ನು ಖಚಿತವೆನ್ನಲಾಗದು. ಆದರೂ ಗಂಟೆಗಳ ಲೆಕ್ಕ, ಅತ್ತೆಯವರು ಪಾರಾದದ್ದು ಎಲ್ಲವೂ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

ಇನ್ನು ನೂಡಲ್ಸ್ ಅಂಗಡಿ. ಇಪ್ಪತ್ತನಾಲ್ಕು ಗಂಟೆಯ ನಂತರ ವಾಂತಿ ಬರಿಸುವಂಥದ್ದು ನೊರೊವೈರಸ್. ಅದಕ್ಕೆ ಹನ್ನೆರಡರಿಂದ ನಲವತ್ತೆಂಟು ಗಂಟೆ ಬೇಕು. ಹಾಗಾಗಿ ನಿಮ್ಮ ಗಂಡನ ಅನುಮಾನ ತೀರಾ ಬುಡವಿಲ್ಲದ್ದಲ್ಲ. ಆದರೆ ನೊರೊವೈರಸ್ ಆಗಿದ್ದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಕಾಡುತ್ತಿತ್ತು, ಮನೆಯ ಉಳಿದವರಿಗೂ ಹರಡುವ ಸಂಭವ ಹೆಚ್ಚಿತ್ತು. ಐದೇ ಗಂಟೆಯಲ್ಲಿ ಮುಗಿಯುವುದು ಅದರ ಜಾಯಮಾನವಲ್ಲ. ನಿಮ್ಮ ಕಣ್ಣೆದುರೇ ದೊಡ್ಡ ಉರಿಯಲ್ಲಿ ಬಾಣಲೆಯಿಂದ ನೇರವಾಗಿ ತಟ್ಟೆಗೆ ಬಂದ ತಿನಿಸಾಗಿದ್ದರಂತೂ ಆ ಅಂಗಡಿಯವನನ್ನು ಬಿಟ್ಟುಬಿಡಿ. ಕೊನೆಯದಾಗಿ ತಿಂದದ್ದನ್ನೋ ಮೊದಲೇ ಕಣ್ಣಿಗೆ ಕಿಸುರಾದ ಜಾಗವನ್ನೋ ದೂರುವುದು ನಮ್ಮೆಲ್ಲರ ಅಭ್ಯಾಸ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಲೆಯೆತ್ತಲು ಆರು ಗಂಟೆಯಿಂದ ಆರು ದಿನ, ಕ್ಯಾಂಪೈಲೊಬ್ಯಾಕ್ಟರ್‌ಗೆ ಎರಡರಿಂದ ಐದು ದಿನ ಬೇಕು. ಹೆಪಟೈಟಿಸ್ ಎ ಆದರೆ ಸರಾಸರಿ ನಾಲ್ಕು ವಾರ. ಅಷ್ಟು ಹಿಂದಿನ ಊಟ ಯಾರಿಗೆ ನೆನಪಿರುತ್ತದೆ?

ಭಾನುವಾರ ಮೂರು ಗಂಟೆಯ ಬಫೆ ಮೇಜಿನ ಹಿಂದೆ ನಡೆದಿರಬಹುದಾದ್ದನ್ನು ಹೇಳುತ್ತೇನೆ. ಗ್ರೇವಿ ಬೆಳಿಗ್ಗೆಯೇ, ಕೆಲವೊಮ್ಮೆ ಹಿಂದಿನ ರಾತ್ರಿಯೇ, ಆಳವಾದ ದೊಡ್ಡ ಪಾತ್ರೆಯಲ್ಲಿ ತಯಾರಾಗಿರುತ್ತದೆ. ಒಲೆಯಿಂದ ಇಳಿಸಿದ ಮೇಲೆ ಅದರ ಮೇಲ್ಮೈ ಬೇಗ ಆರುತ್ತದೆ, ಕೆನೆ ಕಟ್ಟುತ್ತದೆ. ಮುಟ್ಟಿ ನೋಡಿದವರು ತಣ್ಣಗಾಯಿತೆಂದು ಮುಚ್ಚಿಡುತ್ತಾರೆ. ಥರ್ಮಾಮೀಟರಿನ ಕಡ್ಡಿಯನ್ನು ನಡುವಿಗೆ ಇಳಿಸಿದರೆ ಗಂಟೆಗಟ್ಟಲೆ ಕಳೆದರೂ ಒಳಗೆ ಬೆಚ್ಚಗೇ ಇರುತ್ತದೆ. ಕುದಿಯನ್ನು ತಡೆದುಕೊಂಡ ಬೀಜಾಣುಗಳಿಗೆ ಅಲ್ಲಿ ಗಾಳಿಯಿಲ್ಲ, ಪೈಪೋಟಿಯಿಲ್ಲ, ಬೇಕಾದಷ್ಟು ಪ್ರೋಟೀನ್ ಇದೆ. ನಲವತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಪರ್ಫ್ರಿಂಜೆನ್ಸ್ ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅಂದರೆ ಒಂದು ಗಂಟೆಗೆ ಅರವತ್ತನಾಲ್ಕು ಪಟ್ಟು, ಎರಡು ಗಂಟೆಗೆ ನಾಲ್ಕು ಸಾವಿರ ಪಟ್ಟು. ಅದೇ ಗ್ರೇವಿಯನ್ನು ಆಳವಿಲ್ಲದ ಅಗಲ ತಟ್ಟೆಗಳಿಗೆ ಹಂಚಿ ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿದ್ದರೆ ಈ ಕತೆಯೇ ಇಲ್ಲ. ಅದಕ್ಕೆ ದುಬಾರಿ ಯಂತ್ರ ಬೇಡ, ನಾಲ್ಕು ಹೆಚ್ಚುವರಿ ತಟ್ಟೆ ಮತ್ತು ಅವನ್ನು ತೊಳೆಯಲು ಒಬ್ಬ ಮನುಷ್ಯ ಬೇಕು. ಮಾಲೀಕರು ಕಡಿತ ಮಾಡುವುದು ಆ ಒಬ್ಬ ಮನುಷ್ಯನನ್ನೇ.

ಬಳಿಕ ಗ್ರೇವಿ ಬಫೆ ಮೇಜಿಗೆ ಬರುತ್ತದೆ. ಅಲ್ಲಿರುವ ಹಬೆಪೆಟ್ಟಿಗೆ ಆಹಾರದ ಬಿಸಿಯನ್ನು ಕಾಯಲು ಇರುವುದು. ತಣ್ಣಗಿದ್ದದ್ದನ್ನು ಕಾಯಿಸುವ ಶಕ್ತಿ ಅದಕ್ಕಿಲ್ಲ. ಎರಡೂವರೆಯ ಮೇಲೆ ಗಿರಾಕಿಗಳು ಕಡಿಮೆಯಾದಂತೆ ತಟ್ಟೆಯ ತಳದಲ್ಲಿ ಎರಡು ಬೆರಳಿನಷ್ಟು ಉಳಿಯುತ್ತದೆ, ಕೆಳಗಿನ ಉರಿ ಆರಿರುತ್ತದೆ. ಹೊಸಬರು ಬಂದರೆಂದು ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಾರೆ. ತಪಾಸಣೆಗೆ ಹೋದಾಗ ನಾನು ಮೊದಲು ಹುಡುಕುವುದು ಈ ಸುರಿಯುವ ಕೈಯನ್ನು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸರಳ: ಬೆಂದ ಆಹಾರ ಹೊರಗಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಯಾಗಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ.

ನಿಮಗೆ ಸಿಕ್ಕ ಸಲಹೆಗಳಲ್ಲಿ ಅರ್ಧರ್ಧ ಸತ್ಯವಿದೆ. ಜನ ಹೆಚ್ಚಿರುವ ಕಡೆ ಆಹಾರ ಬೇಗ ಖರ್ಚಾಗುತ್ತದೆ, ಪಾತ್ರೆ ಬರಿದಾಗುತ್ತದೆ, ಅದು ಒಳ್ಳೆಯದೇ. ಆದರೆ ದಿನವೂ ಇರುವ ಜನ ಬೇರೆ, ಭಾನುವಾರ ಮಾತ್ರ ನುಗ್ಗುವ ಜನ ಬೇರೆ. ಮಹಾನಗರದ ಜನನಿಬಿಡ ಬೀದಿಯ ಹೋಟೆಲಿಗೆ ವಾರವಿಡೀ ವ್ಯಾಪಾರ ಇರುತ್ತದೆ. ಮಧ್ಯಮ ಊರಿನ ದೊಡ್ಡ ರೆಸ್ಟೋರೆಂಟ್ ವಾರದ ಐದು ದಿನ ಅರ್ಧ ಖಾಲಿ, ರಜಾದಿನ ತುಂಬಿ ತುಳುಕುತ್ತದೆ. ತುಂಬಿದ ದಿನ ತಟ್ಟೆ ತೊಳೆಯಲು, ಕೈ ತೊಳೆಯಲು ಪುರುಸೊತ್ತಿಲ್ಲ. ಖಾಲಿ ದಿನ ಭಾನುವಾರಕ್ಕೆಂದು ತಂದದ್ದನ್ನು ಮುಗಿಸುವ ಆತುರ. ಬುಧವಾರ ಮಧ್ಯಾಹ್ನವೂ ಅರ್ಧಕ್ಕಿಂತ ಹೆಚ್ಚು ಮೇಜು ತುಂಬಿರುವ ಜಾಗ ಕಂಡರೆ ಅದರ ಮೇಲೆ ನನಗೆ ಒಲವು ಹೆಚ್ಚು.

ಎಸಿ ತಂಪಾಗಿಸುವುದು ನಿಮ್ಮನ್ನು. ಅಡುಗೆಮನೆಯಲ್ಲಿ ಏನಾಗುತ್ತಿದೆ ಎಂಬುದಕ್ಕೂ ಅದಕ್ಕೂ ನಂಟಿಲ್ಲ. ಮಾಂಸ ಬಿಟ್ಟರೆ ನಿಶ್ಚಿಂತೆ ಎನ್ನುವವರಿಗೆ 2011ರ ಜರ್ಮನಿಯ ಪ್ರಕರಣ ಸಾಕು. ಅಲ್ಲಿ ಸುಮಾರು ನಾಲ್ಕು ಸಾವಿರ ಜನರನ್ನು ಹಾಸಿಗೆ ಹಿಡಿಸಿ, ಐವತ್ತಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡ ಇ. ಕೋಲಿ ಬ್ಯಾಕ್ಟೀರಿಯಾ ಬಂದದ್ದು ಮೆಂತ್ಯದ ಮೊಳಕೆಕಾಳಿನಿಂದ. ವಾಸನೆ ಬರದಿದ್ದರೆ ಹಾಳಾಗಿಲ್ಲ ಎಂಬುದೂ ಸುಳ್ಳು: ಆಹಾರವನ್ನು ಹಳಸುವ ಸೂಕ್ಷ್ಮಜೀವಿಗಳೇ ಬೇರೆ, ನಮ್ಮನ್ನು ಮಲಗಿಸುವವೇ ಬೇರೆ. ಮತ್ತೆ ಚೆನ್ನಾಗಿ ಕಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅಡುಗೆಯವರೇ ನನ್ನೊಡನೆ ವಾದಿಸಿದ್ದುಂಟು. ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಸ್ಟ್ಯಾಫಿಲೊಕಾಕಸ್ ಮತ್ತು ಬ್ಯಾಸಿಲಸ್ ಸೀರಿಯಸ್ ಬಿಟ್ಟುಹೋದ ವಿಷ ಕುದಿಗೂ ಜಗ್ಗುವುದಿಲ್ಲ. ಐಸ್ ಹಾಕಿದರೆ ರೋಗಾಣು ಸಾಯುತ್ತದೆ ಎಂಬ ನಂಬಿಕೆಯೂ ಹಾಗೆಯೇ. ಹೆಪ್ಪುಗಟ್ಟಿದಾಗ ಅವು ಸುಮ್ಮನಿರುತ್ತವೆ ಅಷ್ಟೇ. ಆ ನೀರು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ.

ಅಡುಗೆಯವರು ನೋಡಲು ಆರೋಗ್ಯವಂತರಾಗಿದ್ದರೆ ಸಾಕು ಎಂಬುದನ್ನು ಮೇರಿ ಮ್ಯಾಲನ್ ಎಂಬ ಹೆಂಗಸಿನ ಪ್ರಕರಣ ನೂರು ವರ್ಷಗಳ ಹಿಂದೆಯೇ ಸುಳ್ಳಾಗಿಸಿತು. ನ್ಯೂಯಾರ್ಕಿನ ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಆಕೆ ಕೆಲಸಕ್ಕೆ ಸೇರಿದ ಬಹುಪಾಲು ಕಡೆ ಟೈಫಾಯ್ಡ್ ಕಾಣಿಸಿಕೊಳ್ಳುತ್ತಿತ್ತು. ಆಕೆಗೆ ಮಾತ್ರ ರೋಗಲಕ್ಷಣವೇ ಇರಲಿಲ್ಲ. 1907ರಲ್ಲಿ ಜಾರ್ಜ್ ಸೋಪರ್ ಎಂಬ ಎಂಜಿನಿಯರ್ ಜಾಡು ಹಿಡಿದು ಪತ್ತೆ ಮಾಡಿದಾಗ, ಆಕೆ ಕೈಯಾರೆ ಮಾಡುತ್ತಿದ್ದ ಹಣ್ಣಿನ ಐಸ್‌ಕ್ರೀಂ ಮೇಲೆ ಅನುಮಾನ ಹೋಯಿತು. ಬೇಯಿಸಿದ ತಿನಿಸುಗಳಲ್ಲಿ ಬೆಂಕಿಯ ಕಾವಲಿತ್ತು, ಐಸ್‌ಕ್ರೀಮಿಗೆ ಇರಲಿಲ್ಲ. ಇಂದಿಗೂ ಹೊರಗೆ ತಿನ್ನುವಾಗ ನಾನು ನೋಡುವುದು ಇದನ್ನೇ: ಈ ತಿನಿಸನ್ನು ಕೊನೆಗೆ ಮುಟ್ಟಿದ್ದು ಬೆಂಕಿಯೋ ಕೈಯೋ?

ನಕ್ಷತ್ರಗಳ ವಿಚಾರಕ್ಕೆ ಬಂದರೆ, ಅವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅವು ಉತ್ತರಿಸುವ ಪ್ರಶ್ನೆ ನಿಮ್ಮದಲ್ಲ. ಜನ ನಕ್ಷತ್ರ ಕೊಡುವುದು ರುಚಿಗೆ, ದೀಪಾಲಂಕಾರಕ್ಕೆ, ಬಡಿಸಿದವರ ನಗುಮುಖಕ್ಕೆ. ಅದೂ ಊಟದ ಮೇಜಿನಲ್ಲೇ ಕುಳಿತು, ಹೊಟ್ಟೆ ತೀರ್ಪು ಕೊಡುವ ಮೊದಲೇ. ಇದರಲ್ಲಿ ದುಡ್ಡೂ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ಅಂಕಿಅಂಶಗಳನ್ನು ಜಾಲಾಡಿ, ಒಂದು ನಕ್ಷತ್ರ ಹೆಚ್ಚಾದರೆ ರೆಸ್ಟೋರೆಂಟಿನ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ ಎಂದು 2011ರಲ್ಲಿ ತೋರಿಸಿದರು. ಅಷ್ಟು ಲಾಭವಿದ್ದ ಮೇಲೆ ಬಂಧುಬಳಗದಿಂದ ನಕ್ಷತ್ರ ಹಾಕಿಸುವವರು ಇದ್ದೇ ಇರುತ್ತಾರೆ. ಮಧ್ಯಮ ಊರಿನಲ್ಲಿ ಒಟ್ಟು ವಿಮರ್ಶೆಗಳೇ ಕಡಿಮೆ, ಹಾಗಾಗಿ ಇಪ್ಪತ್ತು ಮಂದಿ ಸ್ನೇಹಿತರು ಸೇರಿದರೆ ಸರಾಸರಿಯೇ ವಾಲುತ್ತದೆ. ಸರಾಸರಿ ಬಿಟ್ಟು ಈಚಿನ ಎರಡು ಮೂರು ತಿಂಗಳ, ಮೂರು ನಕ್ಷತ್ರ ಕೊಟ್ಟವರ ಮಾತು ಓದಿ. ಹೊಗಳುವ ಹರಕೆಯೂ ಬಯ್ಯುವ ಹಟವೂ ಇಲ್ಲದವರು ತಿನಿಸಿನ ಹೆಸರು ಹಿಡಿದು ನಿಜ ಹೇಳುತ್ತಾರೆ. ನಿಮ್ಮ ಊರಿನಲ್ಲಿ ಸರ್ಕಾರಿ ಸ್ವಚ್ಛತಾ ಶ್ರೇಣಿ ಇದ್ದರೆ ಅದನ್ನೂ ನೋಡಿ. ಡೆನ್ಮಾರ್ಕ್ 2001ರಿಂದಲೇ ತಪಾಸಣೆಯ ಫಲಿತಾಂಶವನ್ನು ನಗುಮುಖದ ಚಿತ್ರವಾಗಿ ಗಿರಾಕಿಗಳಿಗೆ ಕಾಣುವಂತೆ ಹಚ್ಚಿಸುತ್ತಿದೆ. ವೇಲ್ಸ್‌ನಲ್ಲಿ 2013ರಿಂದ ಶ್ರೇಣಿಯನ್ನು ತೋರಿಸುವುದು ಕಡ್ಡಾಯ. ಆದರೆ ಅದು ಇನ್‌ಸ್ಪೆಕ್ಟರ್ ಬಂದ ಒಂದು ದಿನದ ಚಿತ್ರ ಎಂಬುದು ನೆನಪಿರಲಿ.

ಹಾಗಾದರೆ ಎಲ್ಲಿಗೆ ಹೋಗುವುದು? ನನ್ನ ಮೊದಲ ಆಯ್ಕೆ ಮೆನು ಚಿಕ್ಕದಿರುವ, ಕೇಳಿದ ಮೇಲೆ ಮಾಡಿಕೊಡುವ ಸಣ್ಣ ಜಾಗ. ಹತ್ತು ಹನ್ನೆರಡು ತಿನಿಸು ಮಾತ್ರ ಇದ್ದರೆ ಪ್ರತಿಯೊಂದೂ ದಿನಕ್ಕೆ ಹಲವು ಬಾರಿ ಒಲೆ ಏರುತ್ತದೆ. ಅಲ್ಲಿನ ಅಪಾಯ ಅಡುಗೆಯಲ್ಲಿ ಇರುವುದಕ್ಕಿಂತ ಸುತ್ತಮುತ್ತ ಇರುತ್ತದೆ. ಕುಡಿಯುವ ನೀರು, ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆದ ತಟ್ಟೆ, ಮೇಜನ್ನೂ ಕೈಯನ್ನೂ ಒರೆಸುವ ಒಂದೇ ಬಟ್ಟೆ, ಹಣ ಎಣಿಸಿದ ಬೆರಳಿನಿಂದ ಉದುರಿಸಿದ ಸೊಪ್ಪು. ಕೈಗವಸು ಕಂಡು ಮರುಳಾಗಬೇಡಿ. ಅದೇ ಕೈಗವಸಿನಲ್ಲಿ ಗಲ್ಲಾಪೆಟ್ಟಿಗೆ ಮುಟ್ಟುವವರನ್ನು ದಿನವೂ ನೋಡುತ್ತೇನೆ. ಅಂಥಲ್ಲಿ ಬಿಸಿಯದನ್ನು ತಿನ್ನಿ, ನೀರು ಮನೆಯಿಂದ ಒಯ್ಯಿರಿ, ಮೇಲೆ ಉದುರಿಸುವ ಹಸಿ ಸಾಮಗ್ರಿ ಬೇಡವೆನ್ನಿ.

ದೊಡ್ಡ ರೆಸ್ಟೋರೆಂಟಿನಲ್ಲಿ ನೀರು, ತಟ್ಟೆ, ಶೌಚಾಲಯ ಸಾಮಾನ್ಯವಾಗಿ ಮೇಲು. ಅಲ್ಲಿನ ಅಪಾಯ ಉದ್ದನೆಯ ಮೆನು. ನೂರೈವತ್ತು ತಿನಿಸುಗಳ ಪಟ್ಟಿ ಕಂಡರೆ, ನಾಲ್ಕೈದು ಮೂಲ ಗ್ರೇವಿಗಳನ್ನು ಮೊದಲೇ ಮಾಡಿಟ್ಟು ಬಣ್ಣ, ಹೆಸರು ಬದಲಿಸುತ್ತಾರೆಂದು ತಿಳಿಯಿರಿ. ಅದರಲ್ಲಿ ಮೋಸವೇನಿಲ್ಲ, ಜಗತ್ತಿನ ಎಲ್ಲ ದೊಡ್ಡ ಅಡುಗೆಮನೆಗಳೂ ಹೀಗೆಯೇ ನಡೆಯುವುದು. ಆದರೆ ಯಾರೂ ಕೇಳದ ತಿನಿಸು ಫ್ರಿಜ್‌ನ ಹಿಂದಿನ ಮೂಲೆಯಲ್ಲಿ ಎಷ್ಟು ದಿನದಿಂದ ಇದೆಯೋ ಹೇಳಲಾಗದು. ಅಕ್ಕಪಕ್ಕದ ಮೇಜಿನವರು ಏನು ತರಿಸುತ್ತಿದ್ದಾರೆ ಎಂದು ನೋಡಿ, ಅದನ್ನೇ ಹೇಳಿ. ಬಫೆ ಬೇಕೇಬೇಕು ಎಂದಾದರೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಹೋಗಿ, ಹಬೆಯಾಡುತ್ತಿರುವುದನ್ನು ಮಾತ್ರ ಬಡಿಸಿಕೊಳ್ಳಿ. ಮನೆಗೆ ತರಿಸುವುದಾದರೆ ದೂರದ ಪ್ರಸಿದ್ಧ ಹೋಟೆಲಿಗಿಂತ ಹತ್ತಿರದ ಸಾಧಾರಣ ಹೋಟೆಲ್ ವಾಸಿ. ಪೊಟ್ಟಣ ಬಂದ ಕೂಡಲೇ ಉಣ್ಣಿ, ರಾತ್ರಿಗಿರಲಿ ಎಂದು ಮೇಜಿನ ಮೇಲೆ ಬಿಡಬೇಡಿ.

ಹೊಸ ಜಾಗವನ್ನು ಪರೀಕ್ಷಿಸಲು ಗದ್ದಲವಿಲ್ಲದ ಹೊತ್ತಿನಲ್ಲಿ ಒಬ್ಬರೇ ಹೋಗಿ ಒಂದೇ ಒಂದು ತಿನಿಸು ತರಿಸಿ. ಮೊದಲು ಕೈ ತೊಳೆಯುವ ಜಾಗಕ್ಕೆ ಹೋಗಿ. ಸಾಬೂನು ಖಾಲಿಯಾಗಿ, ಅದರ ಡಬ್ಬಿಗೆ ನೀರು ಬೆರೆಸಿಟ್ಟಿದ್ದರೆ ಒಳಗಿನವರ ಸಿಂಕ್ ಇದಕ್ಕಿಂತ ಚೆನ್ನಾಗಿರಲು ಕಾರಣವಿಲ್ಲ. ನೊರೊವೈರಸ್ ವಿಷಯದಲ್ಲಿ ಸ್ಯಾನಿಟೈಸರನ್ನು ನೆಚ್ಚುವಂತಿಲ್ಲ, ಸಾಬೂನು ನೀರೇ ಬೇಕು. ಬಡಿಸುವವರನ್ನು ‘ಈಗ ತಾನೇ ಒಲೆಯಿಂದ ಇಳಿದದ್ದು ಏನಿದೆ?’ ಎಂದು ಕೇಳಿ. ಒಳಗೆ ಹೋಗಿ ವಿಚಾರಿಸಿ ಬಂದು ಹೇಳಿದರೆ ಸಂತೋಷ. ‘ಎಲ್ಲವೂ ತಾಜಾ’ ಎಂದು ನಿಂತಲ್ಲೇ ಹೇಳಿದರೆ ಅದು ಉತ್ತರವಲ್ಲ. ಮೇಜಿನ ಮೇಲೆ ಉಳಿದ ಸಾಸ್, ಉಪ್ಪಿನಕಾಯಿಯ ಬಟ್ಟಲು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿಟ್ಟು ನೋಡಿ: ತೊಟ್ಟಿಗೋ, ಪಕ್ಕದ ಮೇಜಿಗೋ? ಹೀಗೆ ನೋಡಿ ಆರಿಸಿದ ನಾಲ್ಕೈದು ಜಾಗ ಸಾಕು. ಪ್ರತಿಯೊಂದರ ಎದುರು ತಿನಿಸನ್ನೂ ಹೊತ್ತನ್ನೂ ಬರೆದುಕೊಳ್ಳಿ. ಅಡುಗೆಯವರು ಬದಲಾದ ಸುಳಿವು ಸಿಕ್ಕರೆ ಮತ್ತೆ ಮೊದಲಿಂದ ನೋಡಿ.

ಅತ್ತೆಯವರ ಮತ್ತು ಮಗನ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿರಿ. ಕಲುಷಿತ ಆಹಾರದಿಂದ ವರ್ಷಕ್ಕೆ ಸಾಯುವ ಸುಮಾರು 4,20,000 ಜನರಲ್ಲಿ 1,25,000 ಮಂದಿ ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜಿಸಿತು. ಇವರಿಬ್ಬರಿಗೆ ಹೊರಗಡೆ ಹಸಿ ಸಲಾಡ್, ಮೊಳಕೆಕಾಳು, ಅರೆಬೆಂದ ಮೊಟ್ಟೆ, ಹೆಚ್ಚಿಟ್ಟ ಹಣ್ಣು, ಕೆನೆಯ ಸಿಹಿ ಬೇಡ. ಸಿಪ್ಪೆ ತಾವೇ ಸುಲಿಯುವ ಹಣ್ಣು ಆಗಬಹುದು.

ಇಷ್ಟಾದರೂ ಮತ್ತೊಮ್ಮೆ ಹೊಟ್ಟೆ ಕೆಟ್ಟರೆ ಒಆರ್‌ಎಸ್ ಅನ್ನು ಗುಟುಕು ಗುಟುಕಾಗಿ ಕುಡಿಸಿ. ಮಗುವಿಗೆ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು, ಮೂರು ದಿನ ಕಳೆದರೂ ನಿಲ್ಲದ ಭೇದಿ, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರ ಬಳಿ ಹೋಗಿ. ಅತ್ತೆಯವರ ವಿಷಯದಲ್ಲಿ ಅಷ್ಟು ಕಾಯುವುದೂ ಬೇಡ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡಿದ್ದು ಊಟ ಒಳಗೆ ನಿಲ್ಲದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅಂದೇ ಅವರ ವೈದ್ಯರಿಗೆ ಫೋನ್ ಮಾಡಿ.

ಯಾರು ಏನು ತಿಂದರು, ಎಷ್ಟು ಗಂಟೆಗೆ ತಿಂದರು, ಮೊದಲ ವಾಂತಿ ಯಾವಾಗ ಎಂದು ಆಗಲೇ ಕಾಗದದ ಮೇಲೆ ಬರೆದಿಡಿ. ಕಟ್ಟಿಸಿಕೊಂಡು ಬಂದದ್ದು ಉಳಿದಿದ್ದರೆ ಎಸೆಯದೆ, ಯಾರೂ ತಿನ್ನದಂತೆ ಗುರುತು ಹಾಕಿ ಫ್ರಿಜ್‌ನಲ್ಲಿಡಿ. ಬಿಲ್ಲಿನ ಜೊತೆ ಇವನ್ನು ಆಹಾರ ಸುರಕ್ಷತೆ ನೋಡಿಕೊಳ್ಳುವ ಇಲಾಖೆಗೆ ಎರಡು ದಿನದೊಳಗೆ ಮುಟ್ಟಿಸಿದರೆ ದೂರಿಗೆ ತೂಕ ಬರುತ್ತದೆ. ಅದೇ ದಿನ ಅಲ್ಲಿ ಉಂಡ ಇನ್ನೊಂದು ಮನೆಯವರ ದೂರೂ ಬಂದಿದ್ದರೆ ಇನ್‌ಸ್ಪೆಕ್ಟರ್ ಯಾವ ಪಾತ್ರೆಯ ಮುಚ್ಚಳ ಮೊದಲು ತೆಗೆಯಬೇಕು ಎಂಬುದನ್ನು ನಿಮ್ಮ ಗಂಟೆಗಳ ಲೆಕ್ಕವೇ ಹೇಳುತ್ತದೆ.